ಮುದ್ದಳಗಿ ಹಾಲ್ಟಿನ ಒಂದು ನಿಮಿಷ

ಮುಂಜಾನೆಯ ಪ್ಯಾಸೆಂಜರ್ ಗಾಡಿಯನ್ನು ಮುದ್ದಳಗಿ ಹಾಲ್ಟಿನಲ್ಲಿ ಹಿಡಿದು ನಿಲ್ಲಿಸುತ್ತಿದ್ದದ್ದು ಮಲ್ಕಮ್ಮನ ಎಡಗಾಲು. ಇದು ಹೊಗಳಿಕೆಗೆ ಹೇಳಿದ ಮಾತಲ್ಲ, ದಿನಾ ನಡೆಯುತ್ತಿದ್ದ ಸಂಗತಿ. ಬಲಗಾಲು ಡಬ್ಬಿಯ ಕೆಳಗಿನ ಮೆಟ್ಟಿಲ ಮೇಲೆ, ಎಡಗಾಲು ನೆಲದ ಮೇಲೆ, ಕೈ ಬಾಗಿಲ ಸರಳಿನ ಮೇಲೆ. ಹಾಗೆ ಅರ್ಧ ಹತ್ತಿ ಅರ್ಧ ಇಳಿದು ಒಬ್ಬ ಹೆಂಗಸು ನಿಂತಿರುವಾಗ ಯಾವ ಗಾರ್ಡ್ ಹಸಿರು ಬಾವುಟ ಬೀಸುತ್ತಾನೆ? ಬೀಸಿದರೆ ಅವನ ನೌಕರಿ ಹೋಗುತ್ತದೆ. ಗಾರ್ಡ್ ಹಿಂದಿನಿಂದ ಸೀಟಿ ಊದುತ್ತಿದ್ದ, ಡ್ರೈವರ್ ಮುಂದಿನಿಂದ ಹಾರ್ನ್ ಬಾರಿಸುತ್ತಿದ್ದ, ಮಲ್ಕಮ್ಮ ನಡುವೆ ನಿಂತು ಇಬ್ಬರಿಗೂ ಬೈಯುತ್ತಿದ್ದಳು. ಅಷ್ಟರಲ್ಲಿ ಹೆಂಗಸರ ಬುಟ್ಟಿಗಳೆಲ್ಲ ಒಳಗೆ ಹೋಗುತ್ತಿದ್ದವು. ಕೊನೆಯ ಬುಟ್ಟಿ ಹೋದ ಮೇಲೆ ಅವಳು ಎಡಗಾಲು ಎತ್ತುತ್ತಿದ್ದಳು. ಆಮೇಲೆ ಗಾಡಿ.

ಮಲ್ಕಮ್ಮನ ತವರು ಆಳಂದ ತಾಲೂಕಿನ ನಿಂಬರ್ಗಾ. ಅಲ್ಲಿ ರೈಲು ಇಲ್ಲ. ಮದುವೆಯಾಗಿ ಅಫಜಲಪುರ ಸೀಮೆಯ ಮುದ್ದಳಗಿಗೆ ಬಂದ ಮೇಲೆಯೇ ಅವಳು ರೈಲು ಹತ್ತಿದ್ದು. ಗಂಡ ಶಿವರಾಯ ಜೇವರ್ಗಿಯ ಹತ್ತಿ ಮಿಲ್ಲಿನಲ್ಲಿ ಹಮಾಲಿ, ವಾರಕ್ಕೊಮ್ಮೆ ಮನೆಗೆ ಬರುವವನು. ಮನೆ ನಡೆಯಬೇಕಲ್ಲ, ಮಲ್ಕಮ್ಮ ಭೀಮಾ ದಂಡೆಯ ತೋಟಗಳಲ್ಲಿ ನಸುಕಿಗೇ ಪುಂಡಿಪಲ್ಯ, ಮೆಂತ್ಯ, ರಾಜಗಿರಿ ಕೊಯ್ದು ಬುಟ್ಟಿ ಕಟ್ಟಿ ಕಲಬುರಗಿಗೆ ಒಯ್ಯತೊಡಗಿದಳು. ಸೊಪ್ಪಿನ ವ್ಯಾಪಾರ ಅಂದರೆ ಬಿಸಿಲಿನ ಜೊತೆಗೆ ಓಟ. ಖಾನಾವಳಿಯವರು ಬಂದು ಹೋಗುವುದರೊಳಗೆ ಬಜಾರಿನಲ್ಲಿ ಬುಟ್ಟಿ ಬಿಚ್ಚಿರಬೇಕು. ಬಿಸಿಲು ಏರಿತೋ, ಪಲ್ಯ ಬಾಡಿತು. ಬಾಡಿದ ಪಲ್ಯವನ್ನು ದನವೂ ಮೂಸಿ ನೋಡಿ ಆಚೆ ಹೋಗುತ್ತದೆ.

ಮೊದಲ ವರ್ಷವೇ ಒಂದು ದಿನ ಅವಳು ಹತ್ತಿದಳು, ಬುಟ್ಟಿ ಕೆಳಗೇ ಉಳಿಯಿತು. ಕಿಟಕಿಯಿಂದ ತಿರುಗಿ ನೋಡುತ್ತಾಳೆ, ಯಾರದೋ ಆಡುಗಳು ಬುಟ್ಟಿಗೆ ಬಾಯಿ ಹಾಕಿವೆ. ಅವತ್ತು ಡಬ್ಬಿಯಲ್ಲಿ ಕುಳಿತು ಅಳಲಿಲ್ಲ, ಹಲ್ಲು ಕಡಿದಳು. ಮರುದಿನ ಹೆಂಗಸರನ್ನೆಲ್ಲ ನಿಲ್ಲಿಸಿ ಒಂದು ಕಟ್ಟಳೆ ಮಾಡಿದಳು: ಒಬ್ಬಳ ಬುಟ್ಟಿ ಕೆಳಗಿದ್ದರೆ ಯಾರೂ ಹೋಗುವಂತಿಲ್ಲ. ಎಲ್ಲರ ಬುಟ್ಟಿ ಮೊದಲು, ಎಲ್ಲರೂ ಆಮೇಲೆ, ಕೊನೆಗೆ ಮಲ್ಕಮ್ಮ.

ಎಲ್ಲರೂ ಒಂದೇ ಡಬ್ಬಿಗೆ ಹತ್ತುವುದಕ್ಕೂ ಒಂದು ಕಾರಣವಿತ್ತು. ಮೊದಲೆಲ್ಲ ಮಲ್ಕಮ್ಮನ ಜೈಭೀಮ ಓಣಿಯ ಹೆಂಗಸರು ಗಾಡಿಯಲ್ಲಿ ಎಲ್ಲಿ ಹತ್ತಿದರೂ ಪಾಯಿಖಾನೆಯ ಬಾಗಿಲ ಹತ್ತಿರ ನೆಲದ ಮೇಲೆ ಕೂರಬೇಕಾಗಿತ್ತು. ಸೀಟು ಖಾಲಿ ಇದ್ದರೂ ಅಷ್ಟೇ. ಟಿಕೀಟಿಗೆ ಮಾತ್ರ ಯಾವ ಕಡಿಮೆಯೂ ಇಲ್ಲ, ಎಲ್ಲರಿಗೂ ಒಂದೇ ದರ! ಒಂದು ದಿನ ಮಲ್ಕಮ್ಮ ಎಲ್ಲರನ್ನೂ ಕಟ್ಟಿಕೊಂಡು ಮೂರನೆಯ ಡಬ್ಬಿಗೆ ನುಗ್ಗಿ ಸೀಟಿನ ಮೇಲೆ ಕೂರಿಸಿದಳು. ಅಲ್ಲಿ ಮೊದಲೇ ಕುಳಿತಿದ್ದ ಮೊಸರು ಮಾರುವ ಹೆಂಗಸರು ಕೊಡಪಾನ ಎತ್ತಿಕೊಂಡು ಎದ್ದು, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಎರಡನೆಯ ಡಬ್ಬಿಗೆ ಹೋದರು. ಮೊದಲು ಎದ್ದವಳು ಸುಭದ್ರಾಬಾಯಿ. ಅದೇ ಊರಿನ ಶರಣರ ಮನೆತನದ ಹೆಂಗಸು. ಬಾಯಿ ತೆರೆದರೆ ವಚನ, ಕೂರುವುದಕ್ಕೆ ಮಾತ್ರ ಬೇರೆ ಡಬ್ಬಿ. ಅಂದಿನಿಂದ ಮೂರನೆಯದು ಮಲ್ಕಮ್ಮನ ಡಬ್ಬಿ, ಎರಡನೆಯದು ಮೊಸರಿನ ಡಬ್ಬಿ. ಇಬ್ಬರ ನಡುವೆ ಮಾತಿಲ್ಲ. ಇಷ್ಟುದ್ದ ಗಾಡಿಯಲ್ಲಿ ಮುದ್ದಳಗಿಯ ಬುಟ್ಟಿ, ಕೊಡಪಾನದ ಹೆಂಗಸರು ಹತ್ತುತ್ತಿದ್ದದ್ದು ಎರಡೇ ಎರಡು ಡಬ್ಬಿಗೆ. ಉಳಿದ ಬಾಗಿಲುಗಳು ತೆರೆದುಕೊಂಡು ಬಂದು ಹಾಗೇ ಖಾಲಿ ಹೋಗುತ್ತಿದ್ದವು.

ಹೀಗೆ ಎಷ್ಟೋ ವರ್ಷ ನಡೆಯಿತು. ಜೋಡಿ ಹಳಿ ಬಂತು, ಕರೆಂಟಿನ ತಂತಿ ಬಂತು, ಹೊಗೆಯ ಇಂಜಿನ್ ಹೋಯಿತು. ಗಾಡಿ ಮೊದಲಿಗಿಂತ ಜೋರಾಗಿ ಓಡತೊಡಗಿತು. ಆದರೂ ಕಲಬುರಗಿಗೆ ತಲುಪುವುದು ಅದೇ ತಡ. ಯಾಕೆ ಅಂತ ಯಾರೂ ಕೇಳಲಿಲ್ಲ, ಕೇಳಿದವರು ಪಾಸಿನವರು. ದಿನಾ ಪಾಸ್ ತೋರಿಸಿ ಆಫೀಸು, ಕಾಲೇಜು, ದವಾಖಾನೆಗೆ ಹೋಗುವ ಮಂದಿ. ಅವರು ಅರ್ಜಿ ಬರೆದು, ಡಬ್ಬಿ ಡಬ್ಬಿ ತಿರುಗಿ ಸಹಿ ಹಾಕಿಸಿ, ಗಾಡಿ ಟಾಯಮಿಗೆ ಸರಿಯಾಗಿ ಓಡಬೇಕು ಅಂತ ದೊಡ್ಡ ಆಫೀಸಿಗೆ ಕಳಿಸಿದರು.

ಉತ್ತರ ಬಂದದ್ದು ಮುದ್ದಳಗಿಗೆ.

ಹಾಲ್ಟಿನಲ್ಲಿ ಟಿಕೀಟು ಕೊಡುವ ಏಜೆಂಟ ಶಂಕರಲಿಂಗ ಒಂದು ಸಂಜೆ ವಾಪಸು ಗಾಡಿ ಇಳಿದ ಹೆಂಗಸರನ್ನು ತಗಡಿನ ಶೆಡ್ಡಿನ ಕೆಳಗೆ ಕೂಡಿಸಿದ. ಮುಖದಲ್ಲಿ ರಕ್ತ ಇರಲಿಲ್ಲ. ಟಿಕೀಟು ಮಾರಿದರೆ ತಾನೇ ಅವನಿಗೂ ಕೂಳು?

“ಹೊಸಾ ಟಾಯಮ್ ಟೇಬಲ್ ಬರಾಕತ್ತದ. ಮುದ್ದಳಗಿ ಇರಬೇಕೋ ಬ್ಯಾಡೋ ಅಂತ ನೋಡ್ತಾರಂತ. ಮುಂದಿನ ಸೋಮವಾರದಿಂದ ಸಾಹೇಬ ಬಂದ ಇಲ್ಲೇ ನಿಂದರ್ತಾನ. ಗಾಡಿಗಿ ಒಂದ ನಿಮಿಷ. ಒಂದ ನಿಮಿಷದಾಗ ಹತ್ತಿದ್ರ ಹಾಲ್ಟ್ ಇರ್ತದ. ಇಲ್ಲಂದ್ರ ಗಾಡಿ ಹಂಗೇ ಹೋಗ್ತದ, ಮುದ್ದಳಗ್ಯಾಗ ನಿಂದ್ರೂದೇ ಇಲ್ಲ.”

“ಯಾವ ಭಾಡ್ಯಾ ಹೇಳಿದ?” ಅಂದಳು ಮಲ್ಕಮ್ಮ.

“ನನಗ್ಯಾಕ ಬೈತೀ ಅಕ್ಕಾ? ಪಾಸಿನವ್ರು ಅರ್ಜಿ ಕೊಟ್ಟಾರ. ಅದರಾಗ...” ಶಂಕರಲಿಂಗ ತಡೆದ.

“ಅದರಾಗ ಏನ ಲೇ?”

“ಅದರಾಗ ನಿನ್ನ ಮಗಳ ಸಹಿನೂ ಅದ.”

ಮಲ್ಕಮ್ಮ ಮನೆಗೆ ಹೋದ ರಭಸಕ್ಕೆ ಓಣಿಯ ಕೋಳಿಗಳು ಮಾಡು ಹತ್ತಿದವು. ಕಿರಿ ಮಗಳು ಸಪ್ನಾ ಕಲಬುರಗಿಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸಕ್ಕಿದ್ದಳು. ಅವಳೂ ಅದೇ ಗಾಡಿಗೆ ಹೋಗುತ್ತಿದ್ದಳು, ಆದರೆ ಅವ್ವನ ಡಬ್ಬಿಗೆ ಅಲ್ಲ. ಪಾಸಿನವರು ಕೂರುವ ಐದನೆಯ ಡಬ್ಬಿಗೆ ಒಬ್ಬಳೇ ಹೋಗಿ ಹತ್ತುತ್ತಿದ್ದಳು. ಅದು ಮಲ್ಕಮ್ಮನಿಗೆ ಒಳಗೇ ಚುಚ್ಚುತ್ತಿತ್ತು, ಆಡಿರಲಿಲ್ಲ.

“ಸಹಿ ಮಾಡಿಯೇನ ಬೇ?”

ಸಪ್ನಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಮಾಡೇನಿ.”

“ಅವ್ವನ ಹೊಟ್ಟಿ ಮ್ಯಾಲ ಕಾಲಿಟ್ಟ ಸಹಿ ಮಾಡೀ?”

“ಗಾಡಿ ಟಾಯಮಿಗಿ ಹೋಗ್ಲಿ ಅಂತ ಮಾಡೇನಿ. ಹಾಲ್ಟ್ ತಗೀರಿ ಅಂತ ಮಾಡಿಲ್ಲ.”

“ಎರಡೂ ಒಂದ ಅಲ್ಲೇನು?”

“ಒಂದಲ್ಲ!” ಸಪ್ನಾ ಹಿಟ್ಟಿನ ಕೈಯಲ್ಲೇ ತಿರುಗಿದಳು. “ತಡಾ ಆದ್ರ ನನಗ ಅರ್ಧಾ ದಿನದ ಪಗಾರ ಕಟ್. ಅದೂ ಹೋಗ್ಲಿ. ಯಾಕ ತಡಾ ಅಂತ ಕೇಳ್ತಾರವ್ವ ಎಲ್ಲಾರ ಮುಂದ. ಏನ್ ಹೇಳ್ಲಿ? ನಮ್ಮವ್ವ ಗಾಡಿ ಹಿಡಕೊಂಡ ನಿಂತಿದ್ಳ್ರಿ ಅಂತ ಹೇಳ್ಲೇನು? ಐದನೇ ಡಬ್ಬ್ಯಾಗ ದಿನಾ ನಿನಗ ಬೈತಾರ. ನಾ ಕಿಟಕ್ಯಾಗ ಮಾರಿ ಹಾಕಿ ಕೇಳದಂಗ ಕುಂದರ್ತೇನಿ. ಗೊತ್ತದೇನ ನಿನಗ?”

ಮಲ್ಕಮ್ಮನ ಕೈ ಮೇಲೆದ್ದಿತು. ದುಡಿಯುವ ಮಗಳ ಮೇಲೆ ಕೈ ಮಾಡುವುದೇ? ಎದ್ದ ಕೈಯಿಂದ ಬಾಗಿಲ ಚೌಕಟ್ಟಿಗೆ ಬಡಿದಳು. “ನಾ ಹಿಡಕೊಂಡ ನಿಂತಿದ್ದಕ್ಕೇ ನೀ ಸಾಲಿ ಕಲ್ತೀ” ಅಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ಆ ರಾತ್ರಿ ತಾಯಿ ಮಗಳು ಬೇರೆ ಬೇರೆ ಉಂಡರು.

ಆ ವಾರ ಸರಿದು ಸೋಮವಾರ ಬಂತು. ಸಾಹೇಬ ಅಂದರೆ ಎಳೆಯ ಹುಡುಗ, ಇಸ್ತ್ರಿ ಅಂಗಿ, ಕೈಯಲ್ಲಿ ಫೋನಿನ ಗಡಿಯಾರ. ಪ್ಲಾಟ್‌ಫಾರ್ಮ್ ಅನ್ನುವ ಮೊರಮಿನ ದಿಬ್ಬದ ಮೇಲೆ ನಿಂತುಕೊಂಡ. ಮಲ್ಕಮ್ಮ ಹೆಂಗಸರಿಗೆ ಹೇಳಿಯೇ ಇದ್ದಳು: ಚಟ್ಟನೆ ಹತ್ತಬೇಕು, ಮಾತಿಲ್ಲ ಕತೆಯಿಲ್ಲ. ಗಾಡಿ ಬಂದು ನಿಂತಿತು. ಮೂರನೆಯ ಡಬ್ಬಿಯ ಬಾಗಿಲಿಗೆ ಎಲ್ಲರೂ ಒಂದೇ ಸಲ ಬಿದ್ದರು. ಅವಸರ ಮಾಡಿದರೆ ಏನಾಗುತ್ತದೆ? ಬುಟ್ಟಿಗೆ ಬುಟ್ಟಿ ಸಿಕ್ಕಿತು. ಮಸರತಳ ತತ್ತಿಯ ಟ್ರೇ ವಾಲಿತು.

ಮಸರತ ಅಂದರೆ ಮೊಣಕಾಲು ನೋವಿನ ವಿಧವೆ, ತತ್ತಿ ಮಾರುವವಳು, ದನಿ ಎತ್ತಿ ಮಾತಾಡಿ ಗೊತ್ತಿಲ್ಲದವಳು. ಮೆಟ್ಟಿಲು ಹತ್ತಲು ಅವಳಿಗೆ ಇಬ್ಬರು ಬೇಕು. “ಅಕ್ಕಾ, ತತ್ತಿ! ಅಕ್ಕಾ, ತತ್ತಿ!” ಅನ್ನುತ್ತ ಅವಳು ಬಾಗಿಲಲ್ಲೇ ನಿಂತಳು. ಸೀಟಿ ಆಯಿತು. ಹಾರ್ನ್ ಆಯಿತು. ಮಲ್ಕಮ್ಮನ ಎಡಗಾಲು ತಾನಾಗಿಯೇ ನೆಲಕ್ಕೆ ಇಳಿಯಿತು. ಸಾಹೇಬ ಫೋನು ನೋಡಿದ, ಅವಳ ಕಾಲು ನೋಡಿದ, ಏನೋ ಒತ್ತಿಕೊಂಡ.

ಮರುದಿನವೂ ಅದೇ. ಬೇರೆ ಬಾಗಿಲಿಗೆ ಹೋಗಿ ಅಂತ ಸಾಹೇಬ ಕೈ ಮಾಡಿ ಕೂಗಿದ. ಇಬ್ಬರು ಹೆಂಗಸರು ನಾಲ್ಕನೆಯ ಡಬ್ಬಿಗೆ ಓಡಿದರು. ಅಲ್ಲಿದ್ದ ಗಂಡಸರು “ಇಲ್ಲಿ ಜಾಗಾ ಇಲ್ಲ, ನಿಮ್ಮ ಡಬ್ಬಿಗೆ ಹೋಗ್ರಿ” ಅಂದರು. ಆ ಇಬ್ಬರು ಬುಟ್ಟಿ ಹೊತ್ತು ತಿರುಗಿ ಓಡಿ ಬಂದರು. ಅದಕ್ಕೇ ಮತ್ತಷ್ಟು ತಡವಾಯಿತು.

ಅವತ್ತು ಗಾಡಿ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಪಕ್ಕದ ಹಳಿಗೆ ಸರಿದು ನಿಂತುಬಿಟ್ಟಿತು. ಗಾರ್ಡ್ ಏಜಾಜ ಇಳಿದು ಮಲ್ಕಮ್ಮನ ಕಿಟಕಿಗೆ ಬಂದ. ಅವನಿಗೂ ಅವಳಿಗೂ ದಿನದ ಜಗಳ, ದಿನದ ಸಲಿಗೆ.

“ಮಲ್ಕಾಬಾಯಿ, ನೋಡ್ರಿ ನಿಮ್ಮ ಕಾಲಿನ ಕಮಾಲ್.”

“ನನ್ನ ಕಾಲೇನ ಮಾಡ್ತು? ಗಾಡಿ ನಿಲ್ಲಿಸಿದಾಂವ ನೀ.”

“ನಾನಲ್ಲ. ಹಿಂದ ಎಕ್ಸ್‌ಪ್ರೆಸ್ ಬರಾಕತ್ತದ. ಮುದ್ದಳಗ್ಯಾಗ ಟಾಯಮಿಗಿ ಬಿಟ್ರ ನಾವು ಅದಕ್ಕಿಂತ ಮುಂದ ಸೀದಾ ಕಲಬುರಗಿ. ಜರಾ ತಡಾ ಆತೋ, ಅದಕ್ಕ ದಾರಿ ಬಿಟ್ಟ ಇಲ್ಲಿ ಬಿದ್ದಿರಬೇಕು. ನೀವು ಅಲ್ಲಿ ನಾಕ ನಿಮಿಷ ತಿಂತೀರಿ, ಅದು ಇಲ್ಲಿ ಅರ್ಧಾ ತಾಸ ಆಗಿ ಹಡೀತದ.”

“ಎಕ್ಸ್‌ಪ್ರೆಸ್ ನಿಂದರ್ಲಿ. ಅದರಾಗ ಏನ ದೇವ್ರು ಕುಂತಾನೇನು?”

ಏಜಾಜ ನಕ್ಕ. ನಕ್ಕವನು ಕೂಡಲೇ ನಗು ನುಂಗಿದ. “ನಿಂದ್ರಂಗಿಲ್ಲ ಬಾಯಿ. ನಿಂತ್ರ ನನ್ನ ನೌಕರಿ ನಿಂದರ್ತದ. ಶನಿವಾರ ದೊಡ್ಡ ಸಾಹೇಬರು ಇದೇ ಗಾಡ್ಯಾಗ ಬರ್ತಾರ. ಅವತ್ತ ಆಗಿದ್ದು ಫೈನಲ್. ಅವತ್ತ ನಿಮ್ಮ ಕಾಲ ಕೆಳಗ ಇತ್ತಂದ್ರ ಮುದ್ದಳಗಿ ಖತಮ್.”

ಎಕ್ಸ್‌ಪ್ರೆಸ್ ಧೂಳೆಬ್ಬಿಸಿ ಹೋಯಿತು. ಅದರ ಕಿಟಕಿಗಳೆಲ್ಲ ಮುಚ್ಚಿದ್ದವು. ಮಲ್ಕಮ್ಮ ತನ್ನ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಎತ್ತಿ ನೋಡಿದಳು. ಮೆಂತ್ಯದ ತುದಿ ಆಗಲೇ ತಲೆ ಬಗ್ಗಿಸಿತ್ತು. ಇಷ್ಟು ವರ್ಷ ಈ ನಿಂತ ಗಾಡಿಯಲ್ಲಿ ಬಾಡಿದ ಪಲ್ಯಕ್ಕೆ ಅವಳು ಬಿಸಿಲನ್ನು ಬೈದಿದ್ದಳು, ರೈಲ್ವೆಯನ್ನು ಬೈದಿದ್ದಳು, ದೇವರನ್ನೂ ಬಿಟ್ಟಿರಲಿಲ್ಲ. ಏಜಾಜನ ಮಾತಿನ ಪ್ರಕಾರ ಬಾಡಿಸಿದವಳು ತಾನೇ. ಅವತ್ತಿಡೀ ಬಜಾರಿನಲ್ಲಿ ಗಿರಾಕಿಗಳ ಮೇಲೆ ಹರಿಹಾಯ್ದಳು.

ಆ ಸಂಜೆ ಹಾಲ್ಟಿನ ನಳದ ಹತ್ತಿರ ಕೈಕಾಲು ತೊಳೆಯುವಾಗ ಹಿಂದಿನಿಂದ ಒಂದು ದನಿ ಬಂತು.

“ಮಲ್ಕವ್ವ, ಒಂದ ಮಾತದ.”

ಸುಭದ್ರಾಬಾಯಿ. ಕಂಕುಳಲ್ಲಿ ಖಾಲಿ ಕೊಡಪಾನ. ಇಷ್ಟು ವರ್ಷದಲ್ಲಿ ಮೊದಲ ಮಾತು.

“ನೀ ಮಾತಾಡೂದ ದೊಡ್ಡ ಸುದ್ದಿ. ಹೇಳು” ಅಂದಳು ಮಲ್ಕಮ್ಮ, ತಿರುಗದೆ.

“ನಿಮ್ಮವ್ರು ಒಂದ ಡಬ್ಬ್ಯಾಗ, ನಮ್ಮವ್ರು ಒಂದ ಡಬ್ಬ್ಯಾಗ ಹತ್ತಿದ್ರ ಒಂದ ನಿಮಿಷ ಅಲ್ಲ, ಒಂದ ದಿನಾ ಕೊಟ್ರೂ ಸಾಲಂಗಿಲ್ಲ. ಎಲ್ಲಾ ಬಾಗಲಕ್ಕೂ ಹಂಚಬೇಕು. ನಿಮ್ಮವ್ರು ಒಂದ ನಾಕ ಮಂದಿ ನಮ್ಮ ಡಬ್ಬಿಗಿ ಬರ್ಲಿ. ನಾ ಜಾಗಾ ಹಿಡೀತೇನಿ.”

ಮಲ್ಕಮ್ಮ ಆಗ ತಿರುಗಿದಳು. “ಅವತ್ತ ಎಲ್ಲಾರಗಿಂತ ಮೊದಲ ಎದ್ದ ಹೋದಾಕಿ, ಇವತ್ತ ಜಾಗಾ ಹಿಡೀತೀ?”

ನಳದ ನೀರು ಸುರಿಯುತ್ತಲೇ ಇತ್ತು. ಸುಭದ್ರಾಬಾಯಿ ಅದನ್ನು ಬಂದ್ ಮಾಡಿದಳು.

“ಎದ್ದಿದ್ದೆ. ಖರೇನ. ಇವತ್ತ ಎದ್ರ ಹೋಗಾಕ ಇನ್ನೊಂದ ಡಬ್ಬಿ ಇಲ್ಲ, ಗಾಡಿನೇ ಇಲ್ಲ. ನನಗೇನ ನಿನ್ನ ಮ್ಯಾಲ ಪ್ರೀತಿ ಉಕ್ಕಿ ಬಂದದ ಅಂತ ತಿಳೀಬ್ಯಾಡ. ಬಸ್ಸಿನಾಗ ಮಸರಿನ ಕೊಡಪಾನ ಹತ್ತಸಂಗಿಲ್ಲ ಅಂತಾರ ಕಂಡಕ್ಟರ್‌ಗೋಳು.”

“ಪಲ್ಯದ ಬುಟ್ಟಿನೂ ಹತ್ತಸಂಗಿಲ್ಲ” ಅಂದಳು ಮಲ್ಕಮ್ಮ.

“ಮತ್ತ?”

“ಮತ್ತೇನು. ನಾಕ ಮಂದಿ ಬರ್ತಾರ. ಯಾವಾಕ್ಯರ ಮಾರಿ ಸಿಂಡರಿಸಿದ್ರ ನಾ ಬರ್ತೇನಿ, ನೋಡು.”

“ಬಾ. ನಿನಗ ಯಾರ ಬ್ಯಾಡ ಅಂದಾರ” ಅಂದು ಸುಭದ್ರಾಬಾಯಿ ನಡೆದಳು.

ಅದಕ್ಕಿಂತ ಕಷ್ಟದ್ದು ತನ್ನವರನ್ನು ಒಪ್ಪಿಸುವುದು. ಬುಧವಾರ, ಗುರುವಾರ ಎರಡು ಸಂಜೆಯೂ ಶೆಡ್ಡಿನ ಕೆಳಗೆ ಗದ್ದಲ. ಒಬ್ಬಳು ಅಂದಳು, ನೀನೇ ಕೂಡಿಸಿದಿ, ಈಗ ನೀನೇ ಒಡೆಯುತ್ತಿ. ಇನ್ನೊಬ್ಬಳು ಅಂದಳು, ಮೂರನೆಯ ಡಬ್ಬಿ ಬಿಟ್ಟರೆ ಮತ್ತೆ ಪಾಯಿಖಾನೆ ಬಾಗಿಲೇ ಗತಿ. ಆ ಮಾತು ಸುಳ್ಳಾಗಿರಲಿಲ್ಲ. ಸುಳ್ಳಲ್ಲದ್ದಕ್ಕೇ ಮಲ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು.

“ಕುಂದರ್ರಿ! ಸೀಟಿನ ಮ್ಯಾಲ ಕುಂದರ್ರಿ! ಎಬ್ಬಿಸಿದ್ರ ಏಳಬ್ಯಾಡ್ರಿ. ನಾ ಎಲ್ಲಾ ಡಬ್ಬ್ಯಾಗೂ ಹೆಂಗ ಇರ್ಲಿ? ನನಗೇನ ಹತ್ತ ತಲಿ ಅವ ಏನು?”

“ನಾ ಒಬ್ಬಾಕಿನ ಹೆಂಗ ಹೋಗ್ಲಿ ಅಕ್ಕಾ?” ಅಂತ ಮಸರತ ಮೆಲ್ಲಗೆ ಕೇಳಿದಳು. ಗಾರ್ಡಿನ ಡಬ್ಬಿಗೆ ಹತ್ತಿಕೊಂಡ ಕೊನೆಯ ಡಬ್ಬಿ ಅವಳ ಪಾಲಿಗೆ ಬಂದಿತ್ತು, ಅಲ್ಲಿ ಮೆಟ್ಟಿಲು ತುಸು ತಗ್ಗು ಅಂತ. “ಜಗಳಾ ಮಾಡಾಕ ನನಗ ಬರಂಗಿಲ್ಲ.”

“ಕಲಿ” ಅಂದಳು ಮಲ್ಕಮ್ಮ. ಅಂದ ಮೇಲೆ ಅವಳ ಮುಖ ನೋಡಲು ಆಗದೆ ಬುಟ್ಟಿ ಕಟ್ಟಲು ಕುಳಿತಳು. ಇನ್ನೊಂದು ಮಾತು ಉಳಿದಿತ್ತು, ಅದನ್ನೂ ತಗ್ಗಿದ ತಲೆಯಿಂದಲೇ ಹೇಳಿದಳು. “ಶನಿವಾರ ಯಾರೂ ಯಾರ ಹಾದಿನೂ ಕಾಯಂಗಿಲ್ಲ. ಉಳದಾಕಿ ಉಳದ್ಳು. ಯಾರರೆ ಕಾಲ ಕೆಳಗ ಇಟ್ರ ನಾ ಮುರೀತೇನಿ.”

ಹೆಂಗಸರು ಬುಟ್ಟಿ ಎತ್ತಿಕೊಂಡು ಎದ್ದರು. ಕಟ್ಟಿದವಳೇ ತನ್ನ ಕಟ್ಟಳೆಯನ್ನು ಮುರಿಯುವುದನ್ನು ನೋಡುವುದಕ್ಕೂ ಒಂದು ನಮೂನೆಯ ಅಂಜಿಕೆಯಾಗುತ್ತದೆ.

ಶನಿವಾರ ನಸುಕಿನಲ್ಲೇ ದಿಬ್ಬದ ಮೇಲೆ ಶಂಕರಲಿಂಗ ಸುಣ್ಣದಿಂದ ಗೆರೆ ಎಳೆದಿದ್ದ, ಯಾವ ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆ ಅಂತ. ಹೆಂಗಸರು ಗೆರೆಗೆ ಒಬ್ಬಿಬ್ಬರಂತೆ ನಿಂತರು. ಪಲ್ಯದವರು, ಮೊಸರಿನವರು ಬೆರಕೆ. ಉದ್ದಕ್ಕೂ ಹರಡಿಕೊಂಡ ಮೇಲೆ ಎಲ್ಲರೂ ಸಣ್ಣವರಾಗಿ ಕಂಡರು. ಸಪ್ನಾ ಐದನೆಯ ಡಬ್ಬಿಯ ಗೆರೆಯಲ್ಲಿ ನಿಂತಿದ್ದಳು. ಮಲ್ಕಮ್ಮನ ಬುಟ್ಟಿಯೂ ಅಲ್ಲೇ ಇತ್ತು; ನಡುವಿನ ಜಾಗ, ಎರಡೂ ಕಡೆ ನೋಡಬಹುದು ಅಂತ ಅವಳೇ ಇಟ್ಟುಕೊಂಡದ್ದು. ತಾಯಿ ಮಗಳ ನಡುವೆ ಆ ವಾರ ಬೇಕಾದಷ್ಟೇ ಮಾತು.

“ಬುಟ್ಟಿ ನಾ ಹಿಡೀಲೇನವ್ವ?”

“ನಿನ್ನ ಬ್ಯಾಗ ಹಿಡಿ ನೀ.”

ಸಾಹೇಬ ಫೋನು ಹಿಡಿದು ನಿಂತಿದ್ದ. ಗಾಡಿ ತಿರುವಿನಲ್ಲಿ ಕಂಡಿತು. ದೂರದಲ್ಲಿ ಚಿಕ್ಕದು, ನೋಡುತ್ತಿದ್ದಂತೆ ದೊಡ್ಡದು, ಆಮೇಲೆ ನೆಲವೇ ನಡುಗಿತು. ಡ್ರೈವರ್ ಗೆರೆಗೆ ಬರೋಬ್ಬರಿ ತಂದು ನಿಲ್ಲಿಸಲಿಲ್ಲ, ತುಸು ಮುಂದೆ ಹೋದ. ಎಲ್ಲ ಗೆರೆಗಳೂ ತಪ್ಪಿದವು! ಹೆಂಗಸರು ತಬ್ಬಿಬ್ಬಾಗಿ ಮಲ್ಕಮ್ಮನ ಕಡೆ ತಿರುಗಿದರು.

“ನನ್ನ ಏನ್ ನೋಡ್ತೀರಿ! ಎದುರಿಗಿ ಬಂದ ಬಾಗಲಕ್ಕ ಹತ್ರಿ!”

ಹತ್ತಿದರು. ಬುಟ್ಟಿ ಮೇಲೆ, ಕೊಡಪಾನ ಮೇಲೆ, ಸೆರಗು ಬಾಯಲ್ಲಿ ಕಚ್ಚಿ ತಾವು ಮೇಲೆ. ಎರಡನೆಯ ಡಬ್ಬಿಯಲ್ಲಿ ಸುಭದ್ರಾಬಾಯಿ ಒಬ್ಬಳ ಬುಟ್ಟಿಯನ್ನು ತನ್ನ ಕೈಯಿಂದಲೇ ಎಳೆದುಕೊಂಡದ್ದು ಮಲ್ಕಮ್ಮನ ಕಣ್ಣಿಗೆ ಬಿತ್ತು. ಒಂದೊಂದೇ ಗೆರೆ ಖಾಲಿಯಾಯಿತು. ಆಗುತ್ತದೆ, ಆಯಿತು ಅನ್ನುವಷ್ಟರಲ್ಲಿ ಹಿಂದಿನಿಂದ ಕೂಗು.

“ಅಕ್ಕಾ!”

ಮಸರತ. ಗಾಡಿ ಮುಂದೆ ಸರಿದದ್ದರಿಂದ ಅವಳ ಬಾಗಿಲು ದೂರ ಹೋಗಿತ್ತು. ಎರಡು ಕೈಯಲ್ಲಿ ತತ್ತಿಯ ಟ್ರೇ ಹಿಡಿದು ಕುಂಟುತ್ತ ಓಡಲೂ ಆಗದೆ ನಿಲ್ಲಲೂ ಆಗದೆ ಬರುತ್ತಿದ್ದಳು. ಹೆಂಗಸರಿಗೆ ಏನು ಹೇಳಿದ್ದಳು ಮಲ್ಕಮ್ಮ? ಯಾರೂ ಯಾರ ಹಾದಿಯನ್ನೂ ಕಾಯುವಂತಿಲ್ಲ. ಹೇಳಿದ ಬಾಯಿ ಹೇಳಿತು, ಕಾಲು ಕೇಳಲಿಲ್ಲ. ಅವಳು ಹಿಂದಕ್ಕೆ ಓಡಿದಳು. ಮಸರತಳ ಕೈಯಿಂದ ಟ್ರೇ ಕಸಿದು ಬಾಗಿಲಲ್ಲಿದ್ದ ಯಾರದೋ ಕೈಗೆ ಕೊಟ್ಟಳು. ಮಸರತಳನ್ನು ನಡುವಿಗೆ ಕೈ ಹಾಕಿ ಮೇಲಕ್ಕೆ ನೂಕಿದಳು.

ಪಕ್ಕದ ಡಬ್ಬಿಯಿಂದ ಏಜಾಜ ಅವಳನ್ನೇ ನೋಡುತ್ತಿದ್ದ. ಬಾಯಲ್ಲಿ ಸೀಟಿ ಇತ್ತು, ಊದಿರಲಿಲ್ಲ. ಅವನ ಹಿಂದೆ ನೆರಳಿನಲ್ಲಿ ಕನ್ನಡಕದ ಮನುಷ್ಯನೊಬ್ಬ ಕುಳಿತಿದ್ದ, ಅವನೇ ದೊಡ್ಡ ಸಾಹೇಬ ಇರಬೇಕು.

“ಊದು!” ಅಂದಳು ಮಲ್ಕಮ್ಮ.

“ಬಾಯಿ, ನೀವು?”

“ಊದೋ ಭಾಡ್ಯಾ!”

ಊದಿದ. ಮಲ್ಕಮ್ಮ ಐದನೆಯ ಡಬ್ಬಿಯ ಕಡೆಗೆ ಓಡಿದಳು. ಬುಟ್ಟಿ ದಿಬ್ಬದ ಮೇಲೆ ಒಂದೇ ಕುಳಿತಿತ್ತು. ಅದನ್ನು ಬಿಟ್ಟು ಹತ್ತಿದ್ದರೆ ಹತ್ತಬಹುದಿತ್ತು. ಬಿಡಲಿಲ್ಲ. ಅದೂ ಅವಳ ಜಾಯಮಾನ. ಬುಟ್ಟಿಗೆ ಕೈ ಹಾಕಿ ಎತ್ತಿದಾಗ ಬಾಗಿಲಲ್ಲಿ ಸಪ್ನಾ ಕಂಡಳು. ಸರಳು ಹಿಡಿದಿದ್ದಾಳೆ, ಬಲಗಾಲು ಮೆಟ್ಟಿಲ ಮೇಲೆ, ಎಡಗಾಲು ನೆಲದ ಮೇಲೆ. ಹಿಂದೆ ಪಾಸಿನವರು “ಏನ್ ಮಾಡಾಕತ್ತೀ ಸಪ್ನಾ, ಒಳಗ ಬಾ” ಅನ್ನುತ್ತಿದ್ದಾರೆ. ಅವಳು ಕೇಳುತ್ತಿಲ್ಲ.

“ಜಲ್ದಿ ಬಾ ಅವ್ವಾ! ನಾ ಹಿಡಕೊಂಡೇನಿ!”

ಮಲ್ಕಮ್ಮ ಬುಟ್ಟಿ ಹೊತ್ತು ನಾಲ್ಕು ಹೆಜ್ಜೆ ಬಂದಿದ್ದಳು. ಇನ್ನು ಕೆಲವೇ ಹೆಜ್ಜೆ. ಹಸಿರು ಬಾವುಟ ಅರ್ಧ ಎದ್ದು ನಿಂತಿತ್ತು. ಸಾಹೇಬನ ಕಣ್ಣು ಸಪ್ನಾಳ ಕಾಲ ಮೇಲಿತ್ತು.

ಅವಳು ಬುಟ್ಟಿಯನ್ನು ಇದ್ದಲ್ಲೇ ಎತ್ತಿಹಾಕಿದಳು. ಬಾಗಿಲಿಗೆ ಹೋಗಿ ಮಗಳ ಮೊಣಕಾಲ ಕೆಳಗೆ ಎರಡೂ ಕೈ ಹಾಕಿ, ಕಾಲನ್ನು ಎತ್ತಿ ಒಳಗೆ ತಳ್ಳಿದಳು. ಸಪ್ನಾ ಹಿಂದಿದ್ದವರ ಮೈಮೇಲೆ ಬಿದ್ದಳು. ತಾನೂ ಹತ್ತಲು ಹೋದರೆ ನಿಮಿಷ ದಾಟುತ್ತಿತ್ತು; ಮಲ್ಕಮ್ಮ ಹಿಂದೆ ಸರಿದಳು.

“ಹೋಗಬೇ ನಿನ್ನ ಕೆಲಸಕ್ಕ! ತಡಾ ಆತು ಅಂತ ಮತ್ತ ನನ್ನ ಹೆಸರ ಹೇಳೀ!”

ಬಾವುಟ ಪೂರಾ ಎದ್ದಿತು. ಗಾಡಿ ಹೊರಟಿತು. ಕರೆಂಟಿನ ಗಾಡಿ, ಸದ್ದಿಲ್ಲದೆ ಎಳೆದುಕೊಂಡು ಹೋಯಿತು. ಕಿಟಕಿ ಕಿಟಕಿಯಲ್ಲಿ ಅವಳ ಹೆಂಗಸರು. ಇಷ್ಟು ವರ್ಷದಲ್ಲಿ ಮಲ್ಕಮ್ಮನನ್ನು ಬಿಟ್ಟು ಹೋದ ಮೊದಲ ಗಾಡಿ.

ಎಳೆಯ ಸಾಹೇಬ ಹತ್ತಿರ ಬಂದ. “ಅಮ್ಮಾ, ನೀವು ಉಳಿದುಬಿಟ್ಟಿರಲ್ಲ.”

“ಗಾಡಿ ಟಾಯಮಿಗಿ ಹೋತಿಲ್ರಿ?”

“ಹೋಯಿತು. ಸರಿಯಾಗಿ ಹೋಯಿತು.”

“ಹಂಗಾದ್ರ ಅದನ್ನ ಬರಕೋರಿ. ನನ್ನ ಬರಕೋಬ್ಯಾಡ್ರಿ.”

ಅವನು ಜೀಪಿನಲ್ಲಿ ಕಲಬುರಗಿಗೆ ಬಿಡುತ್ತೇನೆ ಅಂದ. ಮಲ್ಕಮ್ಮ ಬೇಡ ಅಂದಳು. ಯಾಕೆ ಅಂದಳೋ, ಆಮೇಲೆ ಅವಳಿಗೂ ತಿಳಿಯಲಿಲ್ಲ. ಬುಟ್ಟಿ ಹೊತ್ತು ರಸ್ತೆಗೆ ಹೋಗಿ ನಿಂತಳು. ಒಂದು ಬಸ್ಸು ಬುಟ್ಟಿ ನೋಡಿ ನಿಲ್ಲಿಸಲೇ ಇಲ್ಲ. ಅದನ್ನು ಬೈದಳು. ಆಮೇಲೆ ಹೋದ ಗಾಡಿಯನ್ನು ಬೈದಳು, ಏಜಾಜನನ್ನು ಬೈದಳು, ಊದು ಅಂದ ತನ್ನ ಬಾಯಿಯನ್ನೂ ಬೈದಳು. ಘತ್ತರಗಿ ಭಾಗ್ಯವಂತಿಯ ಗುಡಿಗೆ ಹೊರಟಿದ್ದ ಒಂದು ಟೆಂಪೋದ ಮಂದಿ ಅಡಿಗೆಗೆ ಬೇಕು ಅಂತ ಅರ್ಧ ಬುಟ್ಟಿ ಪಲ್ಯ ಕೊಂಡರು. ಉಳಿದ ಅರ್ಧ ಬಾಡಿತು.

ಹೊಸ ಟಾಯಮ್ ಟೇಬಲ್ ಬಂತು. ಶಂಕರಲಿಂಗ ಅದನ್ನು ಶೆಡ್ಡಿನ ಗೋಡೆಗೆ ಅಂಟಿಸಿ ಎಲ್ಲರಿಗೂ ಬೆರಳಿಟ್ಟು ತೋರಿಸಿದ: ಮುದ್ದಳಗಿ ಇತ್ತು. ಒಂದು ನಿಮಿಷ. ಗಾಡಿ ಈಗ ದೊಡ್ಡ ಸ್ಟೇಷನ್ನಿನಲ್ಲಿ ಬಿದ್ದಿರದೆ ಎಕ್ಸ್‌ಪ್ರೆಸ್‌ಗಿಂತ ಮುಂಚೆಯೇ ಕಲಬುರಗಿ ಸೇರುತ್ತದೆ. ಸಪ್ನಾಳ ಪಗಾರ ಕಟ್ ಆಗುವುದು ನಿಂತಿತು. ಖಾನಾವಳಿಯವರು ಬರುವಾಗ ಮೆಂತ್ಯ ಇನ್ನೂ ತಲೆ ಎತ್ತಿಕೊಂಡಿರುತ್ತದೆ. ಪಾಸಿನವರು ತಮ್ಮ ಅರ್ಜಿಯಿಂದಲೇ ಎಲ್ಲ ಆಯಿತು ಅಂತ ಪೇಢೆ ಹಂಚಿದರು. ಹಂಚಲಿ.

ಮಲ್ಕಮ್ಮ ಈಗ ನಾಲ್ಕನೆಯ ಡಬ್ಬಿಗೆ ಹತ್ತುತ್ತಾಳೆ. ಅವಳ ಹೆಂಗಸರು ಗಾಡಿಯುದ್ದಕ್ಕೂ ಹಂಚಿಹೋಗಿದ್ದಾರೆ. ಈ ಹಳೆಯ ಡಬ್ಬಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇಲ್ಲ, ಹತ್ತಿದ ಮೇಲೆ ಕಲಬುರಗಿಯವರೆಗೆ ಅವರವರ ಪಾಡು ಅವರಿಗೆ. ದಾರಿಯಲ್ಲಿ ಪಲ್ಯ ಸೋಸುತ್ತ ಹೇಳುತ್ತಿದ್ದ ಮನೆ ಮಾತುಗಳು ನಿಂತುಹೋದವು. ಯಾರ ಸೊಸೆ ಹೆತ್ತಳು ಅನ್ನುವುದು ಈಗ ಬಜಾರಿನಲ್ಲಿ ಗೊತ್ತಾಗುತ್ತದೆ.

ಮೊನ್ನೆ ಒಂದು ಮುಂಜಾನೆ ಕಿಟಕಿಯ ಸೀಟಿನಲ್ಲಿ ಕುಳಿತ ಅವಳಿಗೆ ಎದುರಿನ ಗಂಡಸು “ಬುಟ್ಟಿ ಆ ಬಾಗಲಕಡಿ ಇಡಬೇ, ನೀನೂ ಅಲ್ಲೇ ಕುಂದರು” ಅಂದ. ಮಲ್ಕಮ್ಮ ಬುಟ್ಟಿಯನ್ನು ಅವನ ಕಾಲ ಮುಂದೆಯೇ ಸರಿಸಿ ಇಟ್ಟಳು. “ನಿನಗ ವಾಸನಿ ಬಂದ್ರ ನೀ ಕುಂದರ ಹೋಗು ಲೇ ಅಲ್ಲಿ.” ಅವನು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ.

ಅಷ್ಟರಲ್ಲಿ ಗಾಡಿ ಮುಂದಿನ ಸ್ಟೇಷನ್ನಿಗೆ ಬಂದು ನಿಂತಿತು. ಹಿಂದಿನ ಕಡೆಯ ಯಾವುದೋ ಡಬ್ಬಿಯ ಕಿಟಕಿಯಿಂದ ಗಲಾಟೆ ಕೇಳಿಸಿತು. ಗಂಡಸಿನ ದಪ್ಪ ದನಿ. ಅದರ ಮೇಲೆ ಒಂದು ಹೆಣ್ಣಿನ ದನಿ, ತೆಳ್ಳಗೆ, ನಡುಗುತ್ತ: “ಟಿಕೀಟ ನಂದೂ ಅದ! ಏಳಂಗಿಲ್ಲ ನಾ! ಏನ್ ಮಾಡ್ತೀ ಮಾಡು!”

ಮಸರತ.

ಮಲ್ಕಮ್ಮ ಸೀಟಿನಿಂದ ಎದ್ದಳು. ಬಾಗಿಲವರೆಗೆ ಹೋದಳು, ಸರಳು ಹಿಡಿದಳು. ಇಳಿದು ಓಡಿದರೆ ಆ ಡಬ್ಬಿ ಮುಟ್ಟಬಹುದು, ತಿರುಗಿ ಬರುವುದಾಗುವುದಿಲ್ಲ. ಸೀಟಿ ಆಯಿತು. ಹಿಂದಿನ ಕಿಟಕಿಯಲ್ಲಿ ಜಗಳ ಇನ್ನೂ ನಡೆದೇ ಇತ್ತು, ಆ ತೆಳ್ಳನೆಯ ದನಿ ಈಗ ತುಸು ಗಟ್ಟಿಯಾಗಿತ್ತು. ಗಾಡಿ ಜಗ್ಗಿತು. ಮಲ್ಕಮ್ಮ ಬಂದು ತನ್ನ ಸೀಟಿನಲ್ಲಿ ಕುಳಿತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಾಳಿಯ ಸದ್ದಿನಲ್ಲಿ ಏನಾದರೂ ಕೇಳುತ್ತದೋ ಅಂತ ಕಿವಿಗೊಟ್ಟಳು.